ನಾಳಿ ಎತ್ತಬ್ಯಾಡ್ರಿ

ಮೂವತ್ತೊಂದು ವರ್ಷಗಳ ಹಿಂದೆ, ಇಪ್ಪತ್ತೆರಡರ ಹರೆಯದಲ್ಲಿ, ಸೊರಡಿ ಊರಿನ ತಾಲೀಮಿನ, ಎಂದರೆ ಗರಡಿಮನೆಯ, ಮೂರು ಮಣ ಭಾರದ ಕರಿಗಲ್ಲನ್ನು ಒಂದೇ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ನಿಲ್ಲಿಸಿದವರು ಅಮೋಘಸಿದ್ದಪ್ಪನವರು. ಹನ್ನೊಂದು ತಿಂಗಳು ಆ ಕಲ್ಲು ಅವರನ್ನು ಸೋಲಿಸಿತ್ತು. ಮೊಣಕಾಲು ದಾಟಿದರೆ ಎದೆ ದಾಟುತ್ತಿರಲಿಲ್ಲ; ಎದೆ ದಾಟಿದ ದಿನ ಜಾರಿ ಬಿದ್ದು ಹೆಬ್ಬೆರಳನ್ನು ಜಜ್ಜಿತ್ತು. ಹನ್ನೆರಡನೆಯ ತಿಂಗಳು, ಒಂದು ಬೆಳಿಗ್ಗೆ, ಕುಸ್ತಿ ಕಲಿಸುವ ವಸ್ತಾದ ಅಮೀನಸಾಬರೊಬ್ಬರೇ ನೋಡುತ್ತಿರಲು, ಕಲ್ಲು ಮೇಲೇರಿತು. ಸುದ್ದಿ ಜತ್ತ ಸಂಸ್ಥಾನದ ದರ್ಬಾರು ಮುಟ್ಟಿ ರೇಶಿಮೆಯ ರುಮಾಲು ಬಂತು. ರುಮಾಲಿನ ಬೆನ್ನಿಗೆ ಪೊಲೀಸು ನೌಕರಿ ಬಂತು. ನೌಕರಿ ಬೆಳೆದು ಫೌಜದಾರಿಕೆಯಾಯಿತು. ಸಂಸ್ಥಾನ ಹೋಗಿ ಐದು ವರ್ಷವಾದರೂ ಊರು ಅವರನ್ನು ಇನ್ನೂ ಫೌಜದಾರರೆಂದೇ ಕರೆಯುತ್ತಿತ್ತು.

ಆ ಕಥೆಯನ್ನೇ ಅವರು ಈಗ, ನಾಗರಪಂಚಮಿಯ ಮರುದಿನದ ಮಧ್ಯಾಹ್ನ, ಅದೇ ತಾಲೀಮಿನ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು. ಎದುರಿಗೆ ಎಂಟು ಮಂದಿ ಪೈಲವಾನರು ಲಂಗೋಟದಲ್ಲಿ ಕುಳಿತು ಒಬ್ಬರ ಮೈಗೊಬ್ಬರು ಎಣ್ಣೆ ತಿಕ್ಕುತ್ತಿದ್ದರು.

‘ಮತ್ತ ಆವತ್ತ ಬೆಳಿಗ್ಗಿ’ ಎಂಬಲ್ಲಿಗೆ ಅವರ ಮಾತು ನಿಂತಿತು.

“ಕಥಿ ಯಾಕ ನಿಲ್ಲಿಸಿದ್ರಿ, ಕಾಕಾ?” ಎಂದ ಅವರಲ್ಲೊಬ್ಬನಾದ ಸೋಮನಿಂಗಪ್ಪ.

“ನಿಮ್ಮ ಬೆನ್ನಿಗೆ ಏನಾಗ್ಯದ?”

ಎಂಟರಲ್ಲಿ ಏಳು ಬೆನ್ನುಗಳ ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು. ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು.

“ಮಣ್ಣು ಕಡೀಲಾಕ ಹತ್ಯದ್ರಿ, ಫೌಜದಾರ್ರ” ಎಂದನೊಬ್ಬ. “ಮೊದಲ ಈ ಅಖಾಡದಾಗ ಬಿದ್ರ ಅವ್ವನ ತೊಡಿ ಮ್ಯಾಲ ಬಿದ್ದಂಗ ಆಗತಿತ್ತು. ಈಗ ಜಾಲಿ ಕಂಟಿ ಮ್ಯಾಲ ಬಿದ್ದಂಗ ಆಗತದ.”

“ನಮ್ಮಾಕಿ ಕೇಳ್ಯಾಳ್ರಿ, ಬೆಕ್ಕಿನ ಜೋಡಿ ಕುಸ್ತಿ ಹಿಡಿಲಾಕ ಹೋಗತೀಯೇನು ಅಂತ” ಎಂದ ಇನ್ನೊಬ್ಬ. ಯಾರೋ ನಕ್ಕರು. ಆ ನಗು ಗೋಡೆಗೆ ತಾಗಿ ಅಲ್ಲಿಯೇ ಸತ್ತಿತು.

“ನಗಬ್ಯಾಡ್ರಿ” ಎಂದ ಮೂರನೆಯವ, ಧ್ವನಿ ತಗ್ಗಿಸಿ. “ವಸ್ತಾದರು ಬಿದ್ದಾಗಿಂದ ಈ ಜಾಗಾ ಸರಿ ಇಲ್ಲ. ನಿನ್ನಿ ನಾ ಒಬ್ಬನ ಬೈಠಕ ಹಾಕತಿದ್ದೆ. ಆ ಕಲ್ಲು ನನ್ನ ಬೆನ್ನ ಹಿಂದ ಕುಂತು ನೋಡಲಾಕ ಹತ್ತಿದಂಗ ಅನಸ್ತು. ಲೆಕ್ಕಾ ತಪ್ಪಿತು. ಅಂಗಿ ಕೈಯಾಗ ಹಿಡಕೊಂಡ ಮನಿಗೆ ಹೋದೆ.”

ಯಾರೂ ಕಲ್ಲಿನತ್ತ ತಿರುಗಲಿಲ್ಲ. ತಿರುಗದಿರುವ ಆ ಪ್ರಯತ್ನವೇ ಎದ್ದು ಕಾಣುತ್ತಿತ್ತು.

ನಾಲ್ಕು ದಿನಗಳ ಹಿಂದೆ ವಸ್ತಾದ ಅಮೀನಸಾಬರು ಇದೇ ಅಖಾಡದ ಅಂಚಿನಲ್ಲಿ ತಲೆ ಒಡೆದು ಬಿದ್ದಿದ್ದರು. ಕಾಲು ಜಾರಿತೆಂದು ಊರು ನಂಬಿತ್ತು, ಅಮೋಘಸಿದ್ದಪ್ಪನವರು ನಂಬಿರಲಿಲ್ಲ. ಐವತ್ತು ವರ್ಷ ಎಣ್ಣೆ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಡೆದ ಮನುಷ್ಯ ಜಾರಿ ಬೀಳುವುದೆಂದರೇನು?

“ನಿನ್ನ ಬೆನ್ನು ಮಾತ್ರ ಚಲೋ ಅದಲ್ಲೋ, ಸೋಮನಿಂಗಾ.”

“ನನಗ ನಾಕು ದಿನಾ ಜ್ವರಾ ಇತ್ತಲ್ರಿ, ಕಾಕಾ. ಅಖಾಡಕ್ಕ ಇಳದಿಲ್ಲ. ಇವತ್ತ ಹಗುರ ಆಗ್ಯದ.” ಅವನು ಆಗಲೇ ಎದ್ದು ಅಂಗಿ ತೊಡುತ್ತಿದ್ದ. “ಸಂಜಿ ಕಾರ್ಯಕ್ಕ ದರಿಬಡಚಿ ಊರಿನ ವಸ್ತಾದರನ್ನ ಕರಕೊಂಡು ಬರಬೇಕಲ್ಲ. ಸೈಕಲ್ ತಗೊಂಡು ಲಗೂನ ಹೋಗಿ ಬರತೀನಿ. ನೀವು ಕಥಿ ಉಳಿಸಿ ಇಡ್ರಿ.”

ಒಳ್ಳೆಯ ಹುಡುಗ. ಈ ವರ್ಷ ಕಲ್ಲು ಎತ್ತುವವನು ಬಸಗೊಂಡನೆಂದು ವಸ್ತಾದರು ಹೇಳಿದ ದಿನ, ತನ್ನ ಹೆಸರು ಬರಲಿಲ್ಲವೆಂಬ ಬೇಸರವನ್ನು ತೋರಿಸದೆ, ಮೊದಲು ಹೋಗಿ ಅಪ್ಪಿಕೊಂಡವನು ಅವನೇ.

ಬಸಗೊಂಡನೆಂದರೆ ಅಮೋಘಸಿದ್ದಪ್ಪನವರ ತೀರಿಹೋದ ತಂಗಿ ಸಿದ್ದವ್ವನ ಮಗ. ಎರಡು ವರ್ಷದ ಕೂಸಾಗಿದ್ದಾಗಿನಿಂದ ಸೋದರಮಾವನ ತೊಡೆಯ ಮೇಲೆ ಬೆಳೆದವ. ಅವನು ಇಂದು ಉಪವಾಸವಿದ್ದು ಮನೆಯಲ್ಲಿ ಮಲಗಿದ್ದ. ಸಂಜೆ ಐದಕ್ಕೆ ಕಲ್ಲು.

ಎಲ್ಲರನ್ನೂ ಊಟಕ್ಕೆ ಕಳಿಸಿ ಅಮೋಘಸಿದ್ದಪ್ಪನವರು ಅಖಾಡದ ಅಂಚಿಗೆ ಕುಳಿತರು. ತಾಲೀಮಿನ ಕೆಮ್ಮಣ್ಣೆಂದರೆ ಸುಮ್ಮನೆ ಬಂದ ಮಣ್ಣಲ್ಲ. ಅರಿವೆಯಲ್ಲಿ ಸೋಸಿ, ಮಜ್ಜಿಗೆ ಎಣ್ಣೆ ಅರಿಷಿಣ ಹಾಕಿ, ತಿಂಗಳುಗಟ್ಟಲೆ ಕಾಲಲ್ಲಿ ತುಳಿದು ಬೆಣ್ಣೆ ಮಾಡಿದ ಮಣ್ಣು. ಅದರಲ್ಲಿ ಸಾಸಿವೆ ಗಾತ್ರದ ಹರಳು ಸಿಕ್ಕರೂ ಅಮೀನಸಾಬರು ಆ ದಿನ ಯಾರನ್ನೂ ಇಳಿಯಗೊಡುತ್ತಿರಲಿಲ್ಲ.

ಅವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿದರು. ಕೆಂಪಿನೊಳಗೆ ಕಪ್ಪು ಪುಡಿ. ಬೆಳಕಿಂಡಿಯ ಬಿಸಿಲಿಗೆ ಹಿಡಿದರೆ ಅದು ಮಿಣಮಿಣ ಹೊಳೆಯಿತು.

ಹೊರಗೆ ಹಲಗೆ ಬಾರಿಸುವ ಸದ್ದು ಕೇಳಿತು. ಸಂಜೆಯ ಕಾರ್ಯಕ್ಕೆ ಊರನ್ನು ಕರೆಯುವ ಸದ್ದು. ಅದರ ಹಿಂದೆಯೇ ಬಾಗಿಲಲ್ಲಿ ಒಂದು ನೆರಳು ಬಿತ್ತು.

ಅಮೀನಸಾಬರ ಹೆಂಡತಿ ಖೈರುನಬಿ. ತಾಲೀಮಿನ ಹೊಸ್ತಿಲನ್ನು ಹೆಂಗಸರು ದಾಟುವ ಪದ್ಧತಿಯಿಲ್ಲ. ಅವಳು ಹೊರಗೇ ನಿಂತಳು. ಓಡಿಬಂದ ಏದುಸಿರು.

“ಫೌಜದಾರ ಸಾಹೇಬ್ರ, ಹಲಗಿ ಯಾಕ ಬಡೀತಾರ?”

“ಇವತ್ತ ಬಸಗೊಂಡ ಸಂಗ್ರಾಣಿ ಕಲ್ಲು ಎತ್ತತಾನಲ್ರಿ, ಭಾಬಿ.”

“ಅವರು ಬ್ಯಾಡ ಅಂದಾರ. ನಾಲ ಎತ್ತಬ್ಯಾಡ್ರಿ ಅಂತ ಹೇಲ್ಯಾರ. ನಾನ ಬಂದು ನಿಮಗ ಹೇಲಿನಿ. ನೀವು ಬರಕೊಂಡ್ರಿ.”

ಹೌದು, ಬರೆದುಕೊಂಡಿದ್ದರು. ಬಿದ್ದ ದಿನ ಸಂಜೆ ವಸ್ತಾದರಿಗೆ ಒಂದು ಗಳಿಗೆ ಎಚ್ಚರ ಬಂದಿತ್ತು. ಒಂದೇ ಮಾತು ಆಡಿದ್ದರು. ಮತ್ತೆ ನಾಲಿಗೆ ಏಳಲಿಲ್ಲ. ಅಮೋಘಸಿದ್ದಪ್ಪನವರು ಮೃದುವಾಗಿ ಹೇಳಿದರು:

“ಆ ನಾಳಿ ಹೋಗಿ ಮೂರು ದಿನಾ ಆತ್ರಿ, ಭಾಬಿ. ನಾಳಿ ಬಂಡಿಗೆ ಎತ್ತಬ್ಯಾಡ್ರಿ ಅಂದ್ರು ಅಂತ ನಾವು ಎತ್ತಲಿಲ್ಲ. ಹಿರ್ಯಾರ ಮಾತು ಮೀರಬಾರದಂತ ಆವತ್ತ ಮಿರಜಿ ದವಾಖಾನಿಗೆ ಒಯ್ಯಲಿಲ್ಲ. ಆಮ್ಯಾಲ ಅಲುಗಾಡಿಸಲಾಕ ಅಂಜಿ ಬಿಟ್ವಿ.”

ಖೈರುನಬಿ ಹೊಸ್ತಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

“ಬಂಡಿಗೆ ಅಂತ ಯಾರು ಅಂದ್ರು?”

“ಎತ್ತಬ್ಯಾಡ್ರಿ ಅಂದ್ರಲ್ಲ...”

ಅವಳು ಹೊಸ್ತಿಲ ಹೊರಗಿನಿಂದಲೇ ಕೈ ಚಾಚಿದಳು. ಅವಳ ಬೆರಳು ಅಖಾಡವನ್ನು ದಾಟಿ, ಹನುಮಪ್ಪನ ಗೂಡಿನ ಕೆಳಗೆ ಸಿಂಧೂರ ಬಳಿದುಕೊಂಡು ಕುಳಿತ ಕರಿಗಲ್ಲಿನ ಮೇಲೆ ನಿಂತಿತು.

“ಅದು. ಆ ನಾಲ.”

ಅಮೋಘಸಿದ್ದಪ್ಪನವರು ಕಲ್ಲಿನತ್ತ ತಿರುಗಿದರು.

ಆ ಕಲ್ಲಿಗೆ ತಾಲೀಮಿನವರೆಲ್ಲ ನಾಲವೆಂದೇ ಅನ್ನುತ್ತಿದ್ದರು. ಸಂಗ್ರಾಣಿ ಕಲ್ಲೆಂದು ಶುದ್ಧ ಮಾತಿನಲ್ಲಿ ಕರೆಯುವವರು ಊರಲ್ಲಿ ಅವರೊಬ್ಬರೇ. ಅಮೀನಸಾಬರ ಮನೆಯ ಮಾತು ದಖನಿ; ಗಂಡಹೆಂಡಿರ ನಾಲಿಗೆಗೆ ಳಕಾರ ಒಗ್ಗುತ್ತಿರಲಿಲ್ಲ. ಭಾಳ ಎಂಬುದು ಭಾಲ ಆಗುತ್ತಿತ್ತು, ಸಂಕ್ರಾಂತಿಯ ಎಳ್ಳು ಎಲ್ಲು ಆಗುತ್ತಿತ್ತು. ಊರು ಅದನ್ನು ಪ್ರೀತಿಯಿಂದ ಅಣಕಿಸುತ್ತಿತ್ತು, ಪ್ರೀತಿಯಿಂದಲೇ ತಿದ್ದಿಕೊಂಡು ಕೇಳುತ್ತಿತ್ತು. ಲಕಾರ ಬಂದಲ್ಲೆಲ್ಲ ಳಕಾರ ಹಾಕಿಕೊಳ್ಳುವುದು ಕಿವಿಗಳಿಗೆ ರೂಢಿಯಾಗಿಬಿಟ್ಟಿತ್ತು.

ಅವರು ಕಿಸೆಯಿಂದ ವಹಿಯನ್ನು ತೆಗೆದರು. ತಮ್ಮದೇ ಮುದ್ದಾದ ಅಕ್ಷರ: ‘ನಾಳಿ ಎತ್ತಬ್ಯಾಡ್ರಿ.’ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸಾಕ್ಷಿಯ ಬಾಯಿಂದ ಬಂದ ಒಂದು ಅಕ್ಷರವನ್ನೂ ತಿದ್ದಿಲ್ಲವೆಂಬುದು ಅವರ ಹೆಮ್ಮೆ. ಆ ಹೆಮ್ಮೆಯ ಕೈಯೇ ಇಲ್ಲಿ ನಾಲವನ್ನು ನಾಳಿ ಮಾಡಿ ಒಂದು ಅಕ್ಷರವನ್ನು ತಿದ್ದಿತ್ತು. ಆ ಅಕ್ಷರದಿಂದಾಗಿ ತಲೆಯೊಡೆದ ಮನುಷ್ಯ ಮೂರು ದಿನ ವೈದ್ಯರಿಲ್ಲದೆ ಮಲಗಿದ್ದ.

“ನೀವೆಲ್ಲಾ ನಗಕೋತ ಕೇಲತೀರಿ, ಸಾಹೇಬ್ರ” ಎಂದಳು ಖೈರುನಬಿ. ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. “ಹಂಗಾಗಿ ನಿಮಗ ಕೇಲಸಂಗಿಲ್ಲ.”

ಅವರು ಕಾಲುಗಂಟೆಯೊಳಗೆ ಸವಾರಿ ಬಂಡಿ ಕಟ್ಟಿಸಿ, ಹುಲ್ಲು ಹಾಸಿ, ವಸ್ತಾದರನ್ನು ಅದರಲ್ಲಿ ಮಲಗಿಸಿದರು. ಬಂಡಿ ಜತ್ತಿನ ಹಾದಿ ಹಿಡಿಯಿತು. ಅಲ್ಲಿಂದ ಮೋಟಾರು, ಅಲ್ಲಿಂದ ಮಿರಜು. ಬಂಡಿಯ ಹಿಂದೆ ನಡೆದ ಖೈರುನಬಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಗಂಟೆ ಎರಡೂವರೆ.

ಅಮೋಘಸಿದ್ದಪ್ಪನವರು ಮರಳಿ ತಾಲೀಮಿಗೆ ಬಂದು, ಕಲ್ಲಿನ ಮುಂದೆ ಮಂಡಿಯೂರಿದರು. ಗಾಣದ ಗಾಲಿಯಂಥ ದುಂಡು ಕಲ್ಲು, ನಡುವೆ ತೂತು, ತೂತಿಗೆ ಅಡ್ಡಲಾಗಿ ಅದೇ ಕಲ್ಲಿನಲ್ಲಿ ಕಡೆದ ಹಿಡಿಕೆ. ಮುಖದ ಮೇಲೆ ಅರ್ಧಚಂದ್ರನ ಗುರುತು. ಹಿಡಿಕೆಗೆ ದಪ್ಪಗೆ ಸಿಂಧೂರ ಬಳಿದಿತ್ತು. ಇಷ್ಟು ದಪ್ಪಗೆ ಅವರ ಕಾಲದಲ್ಲಿ ಬಳಿಯುತ್ತಿರಲಿಲ್ಲ.

ಉಗುರಿನಿಂದ ಕೆರೆದರು. ಒಂದು ತುದಿಯಲ್ಲಿ ಉಗುರು ಒಳಕ್ಕೆ ಇಳಿಯಿತು.

ಕಲ್ಲಿನೊಳಗೆ ಉಗುರು ಇಳಿಯಬಾರದು.

ಮೂಗಿನ ಬಳಿ ತಂದು ಮೂಸಿದರು. ಅರಗು. ಹಿಡಿಕೆಯನ್ನು ಮುಕ್ಕಾಲು ಪಾಲು ಕೊಯ್ದು, ಸಂದಿಗೆ ಅರಗು ತುಂಬಿ, ಮೇಲೆ ದೇವರ ಸಿಂಧೂರ ಬಳಿದಿದ್ದರು. ಕೊಯ್ದಾಗ ಉದುರಿದ ಪುಡಿಯನ್ನು ಹೊರಗೆ ಒಯ್ದರೆ ಕಂಡೀತೆಂದು ಅಖಾಡದ ಮಣ್ಣಿನಲ್ಲಿ ಬೆರೆಸಿದ್ದರು. ಪೈಲವಾನರ ಬೆನ್ನುಗಳು ಅದನ್ನೇ ನಾಲ್ಕು ದಿನಗಳಿಂದ ಹೇಳುತ್ತಿದ್ದವು.

ಊರಿನಲ್ಲಿ ಕಲ್ಲಿನ ಕೆಲಸ ಬಲ್ಲವನು ಒಬ್ಬನೇ. ಅಮೀನಸಾಬರ ಅಣ್ಣನ ಮಗ ರಮಜಾನ. ಮೂರು ತಿಂಗಳ ಹಿಂದೆ, ಶೇಂದಿ ಕುಡಿದು ಅಖಾಡಕ್ಕೆ ಇಳಿದನೆಂದು, ಎಲ್ಲರೆದುರು ಲಂಗೋಟ ಬಿಚ್ಚಿಸಿ ವಸ್ತಾದರು ಹೊರಗೆ ಹಾಕಿದ್ದು ಅವನನ್ನೇ.

ಕರೆ ಹೋಯಿತು. ರಮಜಾನ ಬಂದ, ಕೂದಲಲ್ಲೆಲ್ಲ ಬೀಸುಕಲ್ಲಿನ ಪುಡಿ.

“ಬಾಗಲಾ ಮುಂದ ಮಾಡು.”

“ಮುಚ್ಚಿದ ಬಾಗಲದ ಹಿಂದ ಫೌಜದಾರ್ರು ಏನ ಕೇಳತಾರ ಅಂತ ಊರಿಗೆಲ್ಲ ಗೊತ್ತದ. ಕೇಳ್ರಿ, ಕಾಕಾ.”

“ಈ ಹಿಡಿಕಿ ನೋಡು.”

ರಮಜಾನ ಕುಕ್ಕರಗಾಲಲ್ಲಿ ಕುಳಿತು ಬೆರಳಾಡಿಸಿದ. ಅವನ ಮುಖದ ಕಳೆ ಇಳಿಯುವುದನ್ನು ಅಮೋಘಸಿದ್ದಪ್ಪನವರು ಕಣ್ಣು ಮಿಟುಕಿಸದೆ ನೋಡಿದರು. ಭಯವೇ ಅದು. ಸಿಕ್ಕುಬಿದ್ದವನ ಭಯವೋ, ಕಂಡವನ ಭಯವೋ ತಿಳಿಯಲಿಲ್ಲ.

“ಯಾರ ಕೈ ಕೆಲಸ?”

“ನನ್ನದು ಅಂತ ನೀವು ಆಗಲೇ ಬರಕೊಂಡಿರಬೇಕು. ನಿಮ್ಮ ವಹಿಯಾಗ ಏನೇನು ಬರೀತೀರಿ ಅಂತ ಚಾಚಿ ಹೇಳಿ ಹೋದ್ಳು.”

ಆ ಮಾತು ನಾಟಿತು.

“ಊರಾಗ ಕಲ್ಲು ಕೊಯ್ಯಾವ ನೀ ಒಬ್ಬನ.”

“ನಾ ಕೊಯ್ಯಾವಲ್ರಿ, ಕುಟ್ಟಾವ. ಉಳಿ, ಸುತ್ತಿಗಿ, ಇಷ್ಟ ನನ್ನ ಹತಾರ. ಇದು ತಂತಿಗೆ ಉಸುಕು ಹಾಕಿ ಎಂಟ ದಿನಾ ತಿಕ್ಕಿ ತಿಕ್ಕಿ ಕೊಯ್ದದ್ದು. ಭಾಳ ತಾಳ್ಮಿ ಇದ್ದವನ ಕೆಲಸ. ನನಗ ಅಷ್ಟು ತಾಳ್ಮಿ ಇದ್ದಿದ್ರ ಚಾಚಾನ ಬೈಗಳಾ ತಿಂದು ಇಲ್ಲೇ ಇರತಿದ್ದೆ.”

“ಸಿಟ್ಟು ತಾಳ್ಮಿ ಕಲಸತದ. ನಿನಗ ನಿಮ್ಮ ಚಾಚಾನ ಮ್ಯಾಲ ಸಿಟ್ಟಿತ್ತು. ಅವರ ಮೆಚ್ಚಿನ ಬಸಗೊಂಡನ ಮ್ಯಾಲ...”

“ಬಸಗೊಂಡನ ಕೈಯಾಗ ಮುರೀಲಿ ಅಂತಿದ್ರ ನಾ ಈ ತುದಿ ಕೊಯ್ಯತಿದ್ದಿಲ್ಲ.”

ಅಮೋಘಸಿದ್ದಪ್ಪನವರು ಹಿಡಿಕೆಯ ಮೇಲೆ ಬಗ್ಗಿದರು.

“ಚಂದ್ರನ ಗುರುತು ಎದಿಗೆ ಮಾಡಿ ಹಿಡೀಬೇಕು, ಹೌದಲ್ರಿ? ಅದು ತಾಲೀಮಿನ ನೇಮ. ಬಲಗೈಲೆ ಹಿಡಿದ್ರ ಹೆಬ್ಬೆಟ್ಟು ಈ ತುದಿಗೆ ಬರತದ, ಎಡಗೈಲೆ ಹಿಡಿದ್ರ ಆ ತುದಿಗೆ. ಭಾರ ಎಲ್ಲಾ ಹೆಬ್ಬೆಟ್ಟಿನ ಕಡೆ.” ಅವನು ಎರಡೂ ಕೈಗಳನ್ನು ಒಂದಾದ ಮೇಲೊಂದರಂತೆ ಹಿಡಿದು ತೋರಿಸಿದ. “ಕೊಯ್ದದ್ದು ಎಡಗೈ ತುದಿ. ಬಸಗೊಂಡ ಬಲಗೈಯವ. ಅವ ಎತ್ತಿದ್ರ ಇದು ತಡೀತದ. ಎಡಗೈಯವ ಎತ್ತಿದ್ರ ಎದಿಮಟ ಬರೂದ್ರಾಗ ಮುರೀತದ.” ಅವನು ತಲೆಯೆತ್ತಿ ನೋಡಿದ. “ಈ ತಾಲೀಮಿನ್ಯಾಗ ಎಡಗೈಯವ ಯಾರದಾರ್ರಿ, ಕಾಕಾ?”



ಅಮೋಘಸಿದ್ದಪ್ಪನವರ ಬಲಗೈಯ ಹೆಬ್ಬೆರಳು ತಾನಾಗಿ ಮಡಿಚಿಕೊಂಡಿತು. ಮೂವತ್ತೊಂದು ವರ್ಷದಿಂದ ಅದು ಲೇಖನಿ ಹಿಡಿಯಬಲ್ಲದು; ಭಾರ ಹಿಡಿಯಲಾರದು. ಕಲ್ಲು ಜಜ್ಜಿದ್ದು ಆ ಬೆರಳನ್ನೇ. ಆ ಬೆಳಿಗ್ಗೆ ಕಲ್ಲನ್ನು ತಲೆಯ ಮೇಲೆ ನಿಲ್ಲಿಸಿದ್ದು ಎಡಗೈ.

ಹನುಮಪ್ಪನ ಮುಂದಿನ ಕಲ್ಲಿಗೆ ಎಡಗೈ ತಾಗಿಸಬಾರದು. ತಿಳಿದಿದ್ದರೆ ದರ್ಬಾರು ರುಮಾಲು ಕೊಡುತ್ತಿರಲಿಲ್ಲ. ರುಮಾಲಿಲ್ಲದೆ ನೌಕರಿಯಿಲ್ಲ, ನೌಕರಿಯಿಲ್ಲದೆ ಫೌಜದಾರನಿಲ್ಲ. ಎದುರಿಗೆ ನಿಂತಿದ್ದ ಅಮೀನಸಾಬರು ಅಂದು ಇಷ್ಟೇ ಅಂದಿದ್ದರು: “ಯಾವ ಕೈ ಅಂತ ಕಲ್ಲು ಕೇಲಲಿಲ್ಲ. ನಾನೂ ಹೇಲಂಗಿಲ್ಲ.”

ಕಥೆಯನ್ನು ನೂರು ಸಲ ಹೇಳಿದ್ದರು ಅವರು. ಪ್ರತಿ ಸಲ ‘ಒಂದೇ ಕೈಲೆ’ ಎಂದಷ್ಟೇ ಹೇಳಿದ್ದರು. ಹೆಂಡತಿಗೂ ಹೇಳಿರಲಿಲ್ಲ, ಬಸಗೊಂಡನಿಗೂ ಹೇಳಿರಲಿಲ್ಲ.

ಆಗ ಅವರಿಗೆ ಸಂಜೆಯ ಪದ್ಧತಿ ನೆನಪಾಯಿತು.

ಹೊಸಬನು ಕಲ್ಲನ್ನು ನೆಲದಿಂದ ಎತ್ತುವಂತಿಲ್ಲ. ಹಿಂದೆ ಎತ್ತಿದವನು, ಅವರ ನಂತರ ಯಾರೂ ಎತ್ತಿಲ್ಲದ್ದರಿಂದ ಈಗ ಅವರೇ, ಅದನ್ನು ಒಂದು ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಬೇಕು. ಎತ್ತುತ್ತಿರುವಾಗಲೇ ಹೊಸಬನು ಅವನ ಮುಂದೆ ಮಂಡಿಯೂರಿ, ತಲೆ ಬಾಗಿಸಿ, ಪಾದ ಮುಟ್ಟಿ, ಆಮೇಲೆ ಕೈ ಚಾಚಿ ತೆಗೆದುಕೊಳ್ಳಬೇಕು. ಇಂದು ಎಡಗೈ ಹಾಕಿದರೂ ಮುದುಕನಾದನೆಂದು ಜನ ಬಿಟ್ಟಾರೆಂದು ಅವರು ಲೆಕ್ಕ ಹಾಕಿಕೊಂಡಿದ್ದರು. ಆ ಲೆಕ್ಕವನ್ನು ಇನ್ನೊಬ್ಬನೂ ಹಾಕಿದ್ದ.

ಕಲ್ಲು ಮುರಿದು ಬೀಳುವಾಗ ಅದರ ನೇರ ಕೆಳಗೆ ಬಾಗಿದ ಒಂದು ಕುತ್ತಿಗೆ ಇರುತ್ತದೆ. ಸಿದ್ದವ್ವನ ಮಗನ ಕುತ್ತಿಗೆ. ಕೊಲ್ಲುವ ಕೈ ಸೋದರಮಾವನದು. ಊರೆಲ್ಲ ಸಾಕ್ಷಿ, ಯಾರ ಮೇಲೂ ಗುಮಾನಿಯಿಲ್ಲ.

“ಕಾಕಾ, ಕುಂದ್ರಿ. ನಿಮ್ಮ ಮಾರಿ ಬೆಳ್ಳಗಾಗ್ಯದ.”

“ರಮಜಾನ, ಖರೆ ಹೇಳು. ನಿಮ್ಮ ಚಾಚಾ ನನ್ನ ಬಗ್ಗೆ ಏನರ ಹೇಳ್ಯಾರೇನು? ನನ್ನ ಕೈ ಬಗ್ಗೆ?”

“ನಿಮ್ಮ ಕೈ ಬಗ್ಗೆನ?” ಅವನ ಕಣ್ಣಲ್ಲಿ ಬರಿಯ ಬೆರಗು. “ಅಂಥಾ ಕೈ ಮತ್ತ ಹುಟ್ಟಲಿಲ್ಲ ಅಂತಿದ್ರು. ಅದನ್ನ ಕೇಳಿ ಕೇಳಿ ನಮಗ ಕಿವಿ ತೂತು ಬಿದ್ದಾವ.” ಆಮೇಲೆ ನಿಧಾನವಾಗಿ ಅಂದ: “ಈ ಮೂರ ತಿಂಗಳಾ ನಾ ಅವರ ಮನಿ ಕಟ್ಟಿ ಹತ್ತಿಲ್ಲ. ಕಾಲು ಒತ್ತಲಾಕ ಬ್ಯಾರೆಯವರು ಬರತಿದ್ರು. ಕಾಲು ಒತ್ತಿಸಿಕೊಳ್ಳುವಾಗ ಚಾಚಾಗ ಹಳೀದೆಲ್ಲಾ ನೆನಪಾಗತದ.”

“ಯಾರು ಬರತಿದ್ರು?”

“ನನಗೇನ ಗೊತ್ತ್ರಿ? ನಾ ಹೊರಗಿನವ.”

ಅವರು ಯೋಚಿಸಿದರು. ಕಾರ್ಯ ನಿಲ್ಲಿಸಿದರೆ ಕೊಯ್ದವನು ಎಚ್ಚರಗೊಂಡು ಇನ್ನೊಂದು ದಾರಿ ಹುಡುಕುತ್ತಾನೆ. ಬಸಗೊಂಡನ ಕುತ್ತಿಗೆ ಪ್ರತಿ ದಿನವೂ ಎಲ್ಲೋ ಒಂದು ಕಡೆ ಬಾಗುತ್ತದೆ. ನಿಲ್ಲಿಸದಿದ್ದರೆ ಕಲ್ಲು ಐದಕ್ಕೆ ಕಾಯುತ್ತಿದೆ. ಎಡಗೈಯ ಸಂಗತಿ ಬಲ್ಲವನನ್ನು ಅದರೊಳಗೆ ಹುಡುಕಬೇಕು.

“ಸಿಂಧೂರ ಮತ್ತ ಮೊದಲಿನಂಗ ಹಚ್ಚು. ಯಾರ ಮುಂದೂ ಬಾಯಿ ಬಿಡಬ್ಯಾಡ. ಇಲ್ಲೇ ಕಲ್ಲಿನ ಹತ್ತರ ಕುಂದರು.”

“ನನ್ನ ನಂಬತೀರೇನು?”

“ಇಲ್ಲ. ಅದಕ್ಕ ಕಣ್ಣ ಮುಂದ ಇರು ಅಂತೀನಿ.”

ರಮಜಾನ ಮೊದಲ ಸಲ ನಕ್ಕ.

ಬಾಗಿಲು ತೆರೆದಾಗ ಗಂಟೆ ನಾಲ್ಕಾಗಿತ್ತು. ಅಂಗಳದಲ್ಲಿ ಜನ ಕೂಡತೊಡಗಿದ್ದರು. ಮಿಂದು, ಭಸ್ಮ ಧರಿಸಿ ಬಂದ ಬಸಗೊಂಡ ಸೋದರಮಾವನ ಪಾದ ಮುಟ್ಟಲು ಬಾಗಿದ. ಅವನ ಕುತ್ತಿಗೆಯ ಹಿಂದಿನ ಎಳೆಗೂದಲು, ಕೂಸಾಗಿದ್ದಾಗ ಇದ್ದಂತೆಯೇ, ಸುರುಳಿ ಸುತ್ತಿತ್ತು. ಅಮೋಘಸಿದ್ದಪ್ಪನವರು ತಟಕ್ಕನೆ ಅವನ ಭುಜ ಹಿಡಿದು ಎಬ್ಬಿಸಿದರು.

“ಯಾಕ್ರಿ ಮಾಮಾ, ಪಾದ ಮುಟ್ಟಬ್ಯಾಡೇನು?”

“ಆಮ್ಯಾಲ ಮುಟ್ಟು.”

ಅಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿತು. ದರಿಬಡಚಿಯ ಹಾದಿಯ ಧೂಳನ್ನೆಲ್ಲ ಹೊತ್ತು ಸೋಮನಿಂಗಪ್ಪ ಬಂದಿಳಿದ. ಅಲ್ಲಿಯ ವಸ್ತಾದರು ಹಿಂದೆ ಬಂಡಿಯಲ್ಲಿ ಬರುತ್ತಿದ್ದಾರೆಂದು ಹೇಳಿ, ಬೆವೆತ ಅಂಗಿಯನ್ನು ಕಳಚಿ, ಯಾರೂ ಹೇಳದೆ ತಾನಾಗಿ ಅಮೋಘಸಿದ್ದಪ್ಪನವರ ಮುಂದೆ ಕುಳಿತು ಅವರ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಅವನ ಹೆಬ್ಬೆರಳುಗಳು ಮೀನಖಂಡದ ನೋವಿನ ಜಾಗವನ್ನು ಹುಡುಕಿ ಹದವಾಗಿ ಒತ್ತಿದವು. ಬಾಗಿದ ಅವನ ಬೆನ್ನು ಇಳಿಬಿಸಿಲಿಗೆ ಬೆಣ್ಣೆಯಂತೆ ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

“ಭಾಳ ದಣದೀರಿ, ಕಾಕಾ.”

“ಕಾಲು ಒತ್ತೂದು ಚಲೋ ಕಲತೀಯಲ್ಲೋ.”

“ವಸ್ತಾದರ ಕಾಲು ಒತ್ತಿ ಒತ್ತಿ ರೂಢಿ ಆಗ್ಯದ್ರಿ.” ಅವನು ನಕ್ಕ, ಚಿಕ್ಕವರ ಬೆಚ್ಚಗಿನ ನಗೆ. “ಇನ್ನೂ ಒಂದು ತಾಸದ. ಮಧ್ಯಾಹ್ನದ ಕಥಿ ಅರ್ಧಕ್ಕ ನಿಂತಿತ್ತು. ಬಸಗೊಂಡಗೂ ಧೈರ್ಯ ಬರತದ. ಮತ್ತೊಮ್ಮೆ ಹೇಳ್ರಿ.”

“ಎಲ್ಲಿಂದ ಹೇಳಲಿ?”

“ಆ ಕಡೀ ಸಲ ಕೈ ಬದಲಿ ಮಾಡಿದ್ರಲ್ರಿ, ಕಾಕಾ, ಎಡಗೈಗೆ” ಎಂದ ಸೋಮನಿಂಗಪ್ಪ, ಒತ್ತುವುದನ್ನು ನಿಲ್ಲಿಸದೆ. “ಅಲ್ಲಿಂದ ಮತ್ತೊಮ್ಮೆ ಹೇಳ್ರಿ.”